ಕಾಳಿಗೂ ಉಸಿರುಂಟು ಎಂದ ಮೇಷ್ಟ್ರು

ಚಿಂತಾಮಣಿ ಸಂತೆಗೆ ಚೆನ್ನರಾಯಪ್ಪ ಮೇಷ್ಟ್ರು ಬಂದರೆಂದರೆ ಕಡಲೆಕಾಯಿ ವ್ಯಾಪಾರಿಗಳು ಮೂಟೆಗಳ ಬಾಯಿ ಮುಚ್ಚುತ್ತಿದ್ದರು. ಬೇರೆಯವರು ಒಂದು ಹಿಡಿ ತೆಗೆದು ನೋಡಿದರೆ, ಇವರು ತೋಳು ಮಡಿಚಿ, ಮೊಣಕೈವರೆಗೂ ಕೈ ತೂರಿಸಿ, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ ಸಂತೆಗೆಲ್ಲ ಕೇಳುವಂತೆ, “ನಿನ್ ಕಾಯಿಗೆ ಜ್ವರ ಬಂದೈತಲ್ಲಪ್ಪ! ಹಸೀದೇ ತುಂಬಿದ್ದೀಯ. ಒಳಗೇ ಉಸಿರಾಡಿ ಉಸಿರಾಡಿ ಬೆಂದೋಗ್ತೈತೆ” ಅನ್ನುವರು. ವ್ಯಾಪಾರಿ ತೆಲುಗಿನಲ್ಲಿ ಬೈಯುತ್ತಿದ್ದ. ಮೇಷ್ಟ್ರು ತೆಲುಗಿನಲ್ಲೇ ಅವನಿಗೆ ಕಾಯಿ ಒಣಗಿಸುವ ಪಾಠ ಹೇಳಿ, ಏನೂ ಕೊಳ್ಳದೆ ಮುಂದಿನ ಮೂಟೆಗೆ ಹೋಗುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಆಹಾರ ಸಂರಕ್ಷಣೆಯ ತರಬೇತಿಗೆ ಸೇರಿದ್ದ ನಮಗೆ ಅವರು ಸಸ್ಯಶಾಸ್ತ್ರ ಹೇಳುತ್ತಿದ್ದರು. ಜಾಮು, ಉಪ್ಪಿನಕಾಯಿ ಕಲಿಯೋಣವೆಂದು ಬಂದ ಹುಡುಗಿಯರಿಗೆ ಬೇರು, ಕಾಂಡ, ಎಲೆಯ ರಂಧ್ರಗಳ ಗೋಳು ಯಾಕೆ ಎಂದು ನಾವು ಗೊಣಗುತ್ತಿದ್ದೆವು. ಮೇಷ್ಟ್ರಿಗೆ ಅದು ಕೇಳಿಸುತ್ತಿತ್ತು.

“ಅಡುಗೆಮನೆಗೆ ಬಂದಿದ್ದೆಲ್ಲ ಸತ್ತೋಗೈತೆ ಅನ್ಕಂಡಿದ್ದೀರ. ಅಗೆದ ಮೇಲೂ ಆಲೂಗಡ್ಡೆಗೆ ಜೀವ ಐತೆ, ಕೊಯ್ದ ಮೇಲೂ ಕಾಳಿಗೆ ಜೀವ ಐತೆ. ಅದರ ಉಸಿರು ನಿಧಾನ ಆಗೋ ಹಂಗೆ ನೋಡ್ಕೊಳ್ಳಿ. ಕಾಪಾಡೋದು ಅಂದ್ರೆ ಅಷ್ಟೇ ಕಣ್ರಮ್ಮ.”

ಒಂದು ದಿನ ಮೊಳಕೆ ಹುರುಳಿಯನ್ನು ಸೀಸೆಗೆ ತುಂಬಿ ಬಿರಡೆ ಬಿಗಿದಿಟ್ಟರು. ಮಾರನೆಯ ದಿನ ಬಿರಡೆ ತೆಗೆದು ಉರಿಯುವ ಕಡ್ಡಿ ಇಳಿಸಿದರೆ ತಟ್ಟನೆ ಆರಿಹೋಯಿತು. ಒಳಗಿದ್ದ ಒಳ್ಳೆಯ ಗಾಳಿಯನ್ನೆಲ್ಲ ಹುರುಳಿಯೇ ಎಳೆದುಕೊಂಡು ಕೆಟ್ಟ ಗಾಳಿ ಬಿಟ್ಟಿತ್ತು. ನಾವು “ಅಯ್ಯೋ!” ಎಂದಾಗ ಅವರ ಮುಖ ನೋಡಬೇಕಿತ್ತು, ತಾವೇ ಹೆತ್ತ ಮಗು ಮೊದಲ ಹೆಜ್ಜೆ ಇಟ್ಟಷ್ಟು ಹಿಗ್ಗು. ಆ ಹಿಗ್ಗು ನೋಡಲೆಂದೇ ನಾವು ಕೆಲವು ಸಲ ಬೇಕಂತಲೇ ಬೆರಗಾಗುತ್ತಿದ್ದೆವು.

ಆ ಬೇಸಿಗೆ ನಮ್ಮನ್ನು ಕೈವಾರದ ಕಡೆಯ ತಮ್ಮ ಊರಿಗೆ, ಅಣ್ಣ ಮುನಿಶಾಮಪ್ಪನವರ ಮನೆಗೆ ಕರೆದುಕೊಂಡು ಹೋದರು, ಹಗೇವು ತೆಗೆಯುವುದನ್ನು ತೋರಿಸಲು. ಹಗೇವು ಎಂದರೆ ನೆಲದಡಿಯ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ರಾಗಿ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಮೇಲೆ ಒಂದು ದಿನ ಗಾಳಿಗೆ ಬಿಟ್ಟು, ಲಾಂದ್ರ ಇಳಿಸಿ ಆರುವುದಿಲ್ಲವೆಂದು ನೋಡಿ, ಆಮೇಲೆ ಆಳು ಇಳಿಯುವುದು ಹಿಂದಿನಿಂದ ಬಂದ ರೂಢಿ.

ಅಂದು ಆ ರೂಢಿ ತಪ್ಪಿತ್ತು. ಮುನಿಶಾಮಪ್ಪನವರ ಮಗಳಿಗೆ ಮುರುಗಮಲ್ಲದ ಕಡೆಯ ಗಂಡು ಗೊತ್ತಾಗಿ, ಬೀಗರು ಬಂದು ಕೂತಿದ್ದರು. ಮದುವೆಯ ರಾಗಿಯ ಮೊದಲ ಮಂಕರಿಯನ್ನು ಮುಹೂರ್ತದೊಳಗೇ ಎತ್ತಬೇಕು. ಚಪ್ಪಡಿ ಸರಿಸಿದ್ದೇ ಮುನಿಶಾಮಪ್ಪ ಪಂಚೆ ಎತ್ತಿ ಕಟ್ಟಿ ಸೊಂಟಕ್ಕೆ ಹಗ್ಗ ಬಿಗಿದರು.

“ಅಣ್ಣಾ, ತಡಿ. ಲಾಂದ್ರ ಬಿಡಣ” ಎಂದರು ಮೇಷ್ಟ್ರು.

“ಸುಬದ ದಿನ ಅದ್ಯಾಕಪ್ಪ? ಆರಿದ್ರೆ ಏನ್ ಗತಿ?” ಎಂದು ಅತ್ತಿಗೆ ಅಡ್ಡ ಬಂದರು.

“ಆರಿದ್ರೆ ಅಣ್ಣ ಇಳಿಯಂಗಿಲ್ಲ, ಅಷ್ಟೇ ಅತ್ಗೆ.” ನಮ್ಮ ಕಡೆ ತಿರುಗಿ, “ಹತ್ರ ಬನ್ರಮ್ಮ, ನೋಡಿ” ಎಂದು ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಟ್ಟರು.

ಆಳುದ್ದ ಇಳಿಯುವುದರೊಳಗೆ ಬೆಳಕು ಸಣ್ಣಗಾಗಿ ಆರಿಹೋಯಿತು. ಮೇಷ್ಟ್ರು ಗೆದ್ದವರ ಹಾಗೆ ತಲೆಯೆತ್ತಿದರು. ಗಂಡಿನ ತಂದೆ ಎದ್ದು ಹೆಗಲ ಮೇಲಿನ ವಲ್ಲಿ ಕೊಡವಿ, “ದೀಪ ಆರಿದ ಮನೆ ಹೆಣ್ಣು ನಮಗೆ ಬ್ಯಾಡಪ್ಪ” ಎಂದು ಗಾಡಿ ಹತ್ತಿದರು. ಮೇಷ್ಟ್ರು ಅವರ ಹಿಂದೆ ಓಡಿ, ಅದು ಅಪಶಕುನವಲ್ಲ, ರಾಗಿ ಬಿಟ್ಟ ಗಾಳಿ ಎಂದು ಬೇಡಿಕೊಂಡರು. ಯಾರು ಕೇಳುತ್ತಾರೆ?

ಮುನಿಶಾಮಪ್ಪ ಸೊಂಟದ ಹಗ್ಗ ಬಿಚ್ಚಿ ತಮ್ಮನ ಕಾಲ ಬಳಿ ಎಸೆದರು. “ನಿನ್ ಪಾಠ ನಿನ್ ಸ್ಕೂಲಲ್ಲೇ ಇಟ್ಕೊ. ಇನ್ ಈ ಹೊಸ್ತಿಲು ತುಳೀಬ್ಯಾಡ.” ಮುನಿಶಾಮಪ್ಪ ಬದುಕಿ ನಿಂತಿದ್ದಾರೆ ಎಂಬ ಸಂತೋಷ ಆ ಅಂಗಳದಲ್ಲಿ ಒಬ್ಬರಿಗೂ ಇರಲಿಲ್ಲ. ನನಗೆ ಇಂದಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಮುಂದಿನ ಬೇಸಿಗೆಯಲ್ಲಿ ಆ ಹುಡುಗಿಗೆ ಇನ್ನೊಂದು ಸಂಬಂಧ ಕೂಡಿಬಂತು. ಮೇಷ್ಟ್ರಿಗೆ ಹೇಳಿಕಳಿಸಲಿಲ್ಲ. ಹಗೇವಿನ ಹತ್ತಿರ ಲಾಂದ್ರ ಸುಳಿಯಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತಂತೆ. ಮುಹೂರ್ತಕ್ಕೆ ಸರಿಯಾಗಿ ಚಪ್ಪಡಿ ಸರಿಸಿದರು, ಮುನಿಶಾಮಪ್ಪ ಇಳಿದರು. ಹಗ್ಗ ಎಳೆದಾಗ ಹೆಣ ಬಂತು.

ಮೇಷ್ಟ್ರು ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಮೈ ಸೊರಗಿ ಇಳಿದುಹೋಗಿದ್ದರು. ಅವರೇ ಮಾತು ಶುರುಮಾಡಿದರು.

“ಬೀಗರನ್ನ ಊಟಕ್ಕೆ ಎಬ್ಬಿಸಿ ಕಳಿಸಿ ಆಮೇಲೆ ಲಾಂದ್ರ ಬಿಟ್ಟಿದ್ರೆ ಆಗ್ತಿತ್ತು ಕಣಮ್ಮ. ಏನಾದ್ರೂ ನೆಪ ಹೇಳಿ ಹೊತ್ತು ಕಳೀಬೋದಾಗಿತ್ತು. ನಂಗೆ ಅದು ಆರೋದನ್ನ ನಿಮಗೆಲ್ಲ ತೋರಿಸ್ಬೇಕಾಗಿತ್ತು.”

ನನಗೆ ತಡೆಯಲಾಗಲಿಲ್ಲ. “ಸಾರ್, ನೀವು ಅವತ್ತು ಲಾಂದ್ರ ಬಿಟ್ಟಿದ್ದಕ್ಕೇ ಅಲ್ವಾ ನಿಮ್ಮಣ್ಣ ಇನ್ನೊಂದು ವರ್ಷ ಬದುಕಿದ್ದು?”

ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನೋಡಿದರು.

“ಹೂಂ, ಬದುಕಿದ್ದ. ಆ ವರ್ಷವೆಲ್ಲ ನನ್ ಜೊತೆ ಒಂದು ಮಾತೂ ಆಡ್ಲಿಲ್ಲ ಕಣಮ್ಮ.”