ಬಿಸಿಲಿನ ಮೂಲೆಯ ಕುರ್ಚಿ

ನಮ್ಮ ಆಗ್ಡನ್ ಊರಿನ ಬಾಡಿಗೆ ಕಟ್ಟಡದಲ್ಲಿ, ಚರ್ಚಿನ ರೂಢಿಯಂತೆ ಎಲ್ಲರೂ ಬ್ರದರ್ ಎನ್ನುವ ಮೇಲಿನ ಮಹಡಿಯ ಥೋರ್ಲಿಗೆ ಸೂರ್ಯನೆಂದರೆ ಸರ್ಕಾರ ತಡೆಹಿಡಿದಿಟ್ಟ ಸ್ವಂತ ಆಸ್ತಿ. ಬಾಲ್ಕನಿಯಲ್ಲೊಂದು ಸೋಲಾರ್ ಫಲಕ ನಿಲ್ಲಿಸಿ, ಅದರ ಕರೆಂಟು ಮನೆಗೆ ಹರಿಯುವಂತೆ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ಬಾಡಿಗೆದಾರನಿಗೂ ಕಾನೂನು ಬಿಡಬೇಕೆಂದು ಅವರು ಪ್ರತಿ ಚಳಿಗಾಲವೂ ಶಾಸಕರ ಸಮಿತಿಯೆದುರು ನಿಂತವರು. ಅಲ್ಲಿ ಒಬ್ಬರಿಗೆ ಎರಡೇ ನಿಮಿಷ. ಹೆಂಡತಿ ಲವಾನ್ ಮೊಟ್ಟೆ ಬೇಯಲು ಹೊತ್ತು ಇಡುವ ಪುಟ್ಟ ಗಡಿಯಾರ ಹಿಡಿದು ಅಭ್ಯಾಸ ಮಾಡಿಸುತ್ತಿದ್ದರು. ಆದರೂ ಇವರು "ಕೊನೇದಾಗಿ ಒಂದ್ ಮಾತು" ಎನ್ನುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಚರ್ಚಿನ ಊಟದಲ್ಲಿ ಆಲೂಗಡ್ಡೆ ಬಡಿಸಿಕೊಳ್ಳಲು ನಿಂತವರಿಗೂ ಸೋಲಾರ್ ಕರೆಂಟಿನ ವ್ಯಾಟ್ ಲೆಕ್ಕ ಒಪ್ಪಿಸದೆ ಬಿಟ್ಟವರಲ್ಲ. ಅವರ ಬಾಲ್ಕನಿಯಲ್ಲಿ ಬಿಸಿಲು ಬೀಳುವುದು ಒಂದೇ ಮೂಲೆಗೆ; ಅಲ್ಲಿ ಲವಾನ್ ಅವರ ಕುರ್ಚಿ. "ನಿನ್ ಕಾನೂನು ಮೊದ್ಲು ಬರ್ಲಿ, ನಾನೇ ಎತ್ತಿಡ್ತೀನಿ. ಅಲ್ಲೀವರ್ಗೂ ಮುಟ್ಬೇಡ" ಎನ್ನುತ್ತಿದ್ದರು ಆಕೆ. ಕಾನೂನು ಮಾರ್ಚಿನಲ್ಲಿ ಬಂತು. ಲವಾನ್ ಜನವರಿಯಲ್ಲೇ ತೀರಿಕೊಂಡಿದ್ದರು. ಈಗ ಫಲಕ ನೆರಳಿನ ತುದಿಯಲ್ಲಿ ನಿಂತು, ಒಂದು ಬಲ್ಬಿಗೂ ಸಾಲದಷ್ಟು ಕರೆಂಟು ಕೊಡುತ್ತಿದೆ. "ಬ್ರದರ್, ಆ ಕುರ್ಚಿ ಸ್ವಲ್ಪ ಸರಿಸಿದ್ರೆ ಆಯ್ತಲ್ಲ" ಎಂದೆ. ಅವರು ಪ್ಲಗ್ಗು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡುತ್ತ, "ಅವಳೇ ಎತ್ತಿಡ್ತೀನಿ ಅಂದಿದ್ಳು" ಎಂದರು.