ಹೆಡ್‌ಮಿಸ್ಟ್ರೆಸ್ ಜಲಜಾ

ಪೆರಂಬೂರಿನ ಆ ಶಾಲೆಯಲ್ಲಿ ಭೋಜರಾಜರು ಹೆಡ್‌ಮಾಸ್ಟರಾಗಿದ್ದಷ್ಟು ಕಾಲ ಅವರ ಚಪ್ಪಲಿಯ ಸದ್ದಿಗೇ ವರಾಂಡ ಖಾಲಿಯಾಗುತ್ತಿತ್ತು. ಸೀಮೆಸುಣ್ಣದಿಂದ ಹಿಡಿದು ಸ್ಪೋರ್ಟ್ಸ್ ಡೇವರೆಗೆ ಎಲ್ಲಕ್ಕೂ ಅವರ ಅಪ್ಪಣೆ ಬೇಕು. ಕೆಟ್ಟ ಮನುಷ್ಯರೇನಲ್ಲ. ತಗಡಿನ ಶೆಡ್ಡಿನಲ್ಲಿ ಶುರುವಾದ ಶಾಲೆಗೆ ಮಹಡಿ ಕಟ್ಟಿಸಿದವರು, ಒಳ್ಳೆಯ ಹೆಸರು ತಂದವರು ಅವರೇ. 1977ರಲ್ಲಿ ಅವರು ನಿವೃತ್ತರಾದಾಗ ಕುರ್ಚಿ ಗಣಿತದ ಟೀಚರ್ ಜಲಜಾಗೆ ಬಂತು.

ಜಲಜಾ ನಗುನಗುತ್ತ ಪಾಠ ಮಾಡುವವಳು. ಆದರೆ ಹೆಡ್‌ಮಿಸ್ಟ್ರೆಸ್ ಎಂದರೆ ಭೋಜರಾಜರ ಹಾಗಿರಬೇಕು ಎಂದಷ್ಟೇ ಅವಳಿಗೆ ಗೊತ್ತಿತ್ತು. ಹುಬ್ಬು ಗಂಟಿಕ್ಕಿದಳು, ಸ್ಟಾಫ್ ರೂಮಿಗೆ ಹೋಗುವುದನ್ನು ಬಿಟ್ಟಳು, ಬೆಳಿಗ್ಗೆ ಗೇಟಿನ ಬಳಿ ನಿಂತು ತಡವಾಗಿ ಬಂದ ಮೇಷ್ಟರುಗಳನ್ನು ದುರುಗುಟ್ಟಿ ನೋಡತೊಡಗಿದಳು. ಮನೆಯಲ್ಲೂ ಅದೇ ಬಿಗಿ. ರೈಲ್ವೆ ಕೋಚ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದ ಗಂಡ ಕಮಲಾಕರ, “ನಾನು ಲೇಟಾದ್ರೂ ಬೆಂಚಿನ ಮೇಲೆ ನಿಲ್ಲಿಸ್ತೀಯಾ?” ಎಂದು ಚುಡಾಯಿಸಿದ. ಅವಳಿಗೆ ನಗು ಬರಲಿಲ್ಲ.

ಎರಡನೆಯ ವರ್ಷ ಅವಳು ಕಾಮಾಲೆಯಾಗಿ ಮಲಗಿದಳು. ಒಂದು ಮಧ್ಯಾಹ್ನ ಪಕ್ಕದ ಮನೆಯ ಹುಡುಗಿ ಹೊತ್ತಿಗೆ ಮುಂಚೆಯೇ ಶಾಲೆಯಿಂದ ಬಂದಳು. ನೀರಿನ ಪಂಪು ಸುಟ್ಟುಹೋಗಿತ್ತಂತೆ. ಕುಡಿಯಲು ತೊಟ್ಟು ನೀರಿಲ್ಲದೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿದ್ದರಂತೆ. ಮರುದಿನವೂ ರಜೆ. ಪಂಪು ರಿಪೇರಿ ಮಾಡುವವನು ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದ.

ನೋಡಲು ಬಂದ ಡ್ರಿಲ್ ಮಾಸ್ಟರ್ ಸುರೇಶನನ್ನು ಜಲಜಾ ಕೇಳಿದಳು: “ಅವನನ್ನ ಕರೆಸಬಾರದಿತ್ತೇ?”

“ನೀವು ಹೇಳಿರಲಿಲ್ಲವಲ್ಲ, ಟೀಚರ್.”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತು. ಭೋಜರಾಜರೆದುರು ತಾನೂ ಎಷ್ಟೋ ಸಲ ಹೀಗೇ ಕೈಕಟ್ಟಿ ನಿಂತಿರಲಿಲ್ಲವೇ? ಪಥ್ಯದ ಗಂಜಿ ಕುಡಿಯುತ್ತ ಅವಳು ಅದನ್ನೇ ಯೋಚಿಸಿದಳು.

ಮೈ ನೆಟ್ಟಗಾಗಿ ಶಾಲೆಗೆ ಹೋದವಳು ಸೀದಾ ಸ್ಟಾಫ್ ರೂಮಿಗೆ ನಡೆದಳು. ಎಲ್ಲರೂ ಗಡಬಡಿಸಿ ಎದ್ದರು. “ಕೂತ್ಕೊಳ್ಳಿ, ನನಗೂ ಒಂದು ಕಾಫಿ ತರಿಸಿ” ಎಂದಳು. ಅಂದೇ ನೀರು, ಮೈದಾನದ ಹೊಣೆಯನ್ನು ಸುರೇಶನಿಗೆ ವಹಿಸಿದಳು, ಟೈಮ್‌ಟೇಬಲ್ಲನ್ನು ಇಂಗ್ಲಿಷಿನ ಉಷಾಗೆ. “ನನ್ನ ಕೇಳೋದಕ್ಕೆ ಕಾಯಬೇಡಿ. ಮಾಡಿ, ಆಮೇಲೆ ಹೇಳಿ.”

ಎಲ್ಲ ಸಲೀಸಾಗಿ ಆಯಿತೆಂದಲ್ಲ. ಉಷಾ ಮಾಡಿದ ಮೊದಲ ಟೈಮ್‌ಟೇಬಲ್ಲಿನಲ್ಲಿ ಹಿರಿಯರಿಗೆಲ್ಲ ಕೊನೆಯ ಪಿರಿಯಡ್ಡೇ ಬಿದ್ದು ದೊಡ್ಡ ರಂಪವಾಯಿತು. ಶಾಲೆಯ ಕರೆಸ್ಪಾಂಡೆಂಟ್ ವಿಷ್ಣುತೀರ್ಥರ ಕಿವಿಗೂ ಅದು ಬಿತ್ತು. ಆಡಳಿತ ಮಂಡಳಿಯ ಪರವಾಗಿ ಕೊನೆಯ ಮಾತು ಅವರದೇ.

“ಭೋಜರಾಜರ ಕಾಲದಲ್ಲಿ ಇಲ್ಲಿ ಸೂಜಿ ಬಿದ್ರೂ ಕೇಳಿಸ್ತಿತ್ತಮ್ಮಾ,” ಎಂದರು ಅವರು. “ಈಗ ಸಂತೆ ಆಗಿದೆ.”

ಅಂದು ಆ ಕೆಲಸವನ್ನು ಉಷಾಳಿಂದ ಕಿತ್ತುಕೊಳ್ಳಬೇಕೆಂದು ಜಲಜಾಗೆ ಅನ್ನಿಸದಿರಲಿಲ್ಲ. ತಡೆದುಕೊಂಡಳು. ಜಗಳವಾಡಿದವರನ್ನೆಲ್ಲ ಉಷಾಳ ಜೊತೆ ಒಂದೇ ಮೇಜಿಗೆ ಕೂರಿಸಿ, ತಾನು ಎಂಟನೆಯ ತರಗತಿಗೆ ಲೆಕ್ಕ ಹೇಳಲು ಹೋದಳು. ವಾಪಸು ಬರುವಾಗ ಅವರು ಇನ್ನೂ ವಾದ ಮಾಡುತ್ತಿದ್ದರು, ಆದರೆ ಹೊಸ ಟೈಮ್‌ಟೇಬಲ್ ಮುಕ್ಕಾಲು ಮುಗಿದಿತ್ತು.

1982ರಲ್ಲಿ ಮಾತ್ರ ಅವಳು ಯಾರನ್ನೂ ಕೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಓದಿನಲ್ಲಿ ಹಿಂದಿದ್ದವರನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸಬೇಡಿ, ಶಾಲೆಯ ಫಲಿತಾಂಶ ಕೆಡುತ್ತದೆ ಎಂದರು ವಿಷ್ಣುತೀರ್ಥರು. ಕೆಲವು ಮೇಷ್ಟರುಗಳೂ ತಲೆಯಾಡಿಸಿದರು.

“ಇದು ಚರ್ಚೆಗಿಲ್ಲ, ಸಾರ್,” ಎಂದಳು ಜಲಜಾ. “ಎಲ್ಲರೂ ಕೂರ್ತಾರೆ. ಫಲಿತಾಂಶ ಕೆಟ್ಟರೆ ನನ್ನ ಹೆಸರು ಹೇಳಿ.”

ಎಲ್ಲರೂ ಎದ್ದುಹೋದರು. ಮಾರನೆಯ ಸಂಜೆ ಶಾಲೆ ಬಿಟ್ಟ ಮೇಲೆ ಮಹಡಿಯಿಂದ ಪಾಠದ ದನಿ ಕೇಳಿ ಹತ್ತಿಹೋದರೆ, ಉಷಾ ಆ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ವ್ಯಾಕರಣ ತಿದ್ದುತ್ತಿದ್ದಳು. ಹಿಂದಿನ ದಿನ ತಲೆಯಾಡಿಸಿದ್ದ ಸೈನ್ಸ್ ಮೇಷ್ಟರು ತಮ್ಮ ಸರದಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು.

“ಯಾರು ಹೇಳಿದ್ರು ನಿಮಗೆ?” ಎಂದಳು ಜಲಜಾ.

“ಯಾರೂ ಹೇಳಿಲ್ಲ,” ಎಂದಳು ಉಷಾ, ಪುಸ್ತಕದಿಂದ ತಲೆಯೆತ್ತದೆ. “ಮಾಡಿ ಆಮೇಲೆ ಹೇಳೋಣ ಅಂತಿದ್ವಿ.”

ಕೆಲವರು ಫೇಲಾದರು, ಹೆಚ್ಚಿನವರು ಪಾಸಾದರು. ವಿಷ್ಣುತೀರ್ಥರು ಹೊಗಳಲಿಲ್ಲ, ಮತ್ತೆ ಆ ಮಾತನ್ನೂ ಎತ್ತಲಿಲ್ಲ. ಫಲಿತಾಂಶದ ದಿನ ಸುರೇಶ ಸ್ಟಾಫ್ ರೂಮಿಗೆಲ್ಲ ಬಿಸಿ ಬಜ್ಜಿ ತರಿಸಿದ. ಅಂದಿನ ಗದ್ದಲ ಬೀದಿಯವರೆಗೂ ಕೇಳುತ್ತಿತ್ತು. ಜಲಜಾ ಕಿಟಕಿಯ ಪಕ್ಕ ಕುಳಿತು ತನ್ನ ಪಾಲಿನ ಬಜ್ಜಿಯನ್ನು ಊದಿ ಊದಿ ತಿಂದಳು.