ಏಕದಮ್ ಸರಳ

ಆಗ ನಾ ಇಚಲಕರಂಜಿಗೆ ಹೊಸಬ, ಮರಾಠಿ ಅರ್ಧಂಬರ್ಧ. ನಾ ಕೆಲಸ ಮಾಡೋ ಮಗ್ಗದ ಮಂದಿ ಕೂಡಿ ಚಂದಗಡದ ಕಾಡಿನಾಗ ಕೆರಿ ನೋಡಾಕ ಹೊಂಟಾಗ ಮೊಣಕಾಲು ನೋಯೋ ಅವ್ವನ್ನೂ ಕರಕೊಂಡು ಹೋದೆ. ಹತ್ತೋಕಿಂತ ಮೊದಲ, ದಾರಿ ತೋರಿಸೋ ಮರಾಠಿ ಮಾಮಾನ್ನ ಕೇಳಿದೆ, "ಹಾದಿ ಸರಳ ಐತೇನ್ರಿ?"

"ಏಕದಮ್ ಸರಳ," ಅಂದ.

ಕಣಿವಿ ದಾಟಿದ ಮ್ಯಾಲ ಹಾದಿ ಗ್ವಾಡಿಗತೆ ಎದ್ದು ನಿಂತಿತು. ಅರ್ಧಕ್ಕ ಅವ್ವ ಕುಂತಬಿಟ್ಲು. ನಾ ಸಿಟ್ಟಿಗೆದ್ದೆ.

"ಸರಳಚ್ ಆಹೆ ಕೀ. ಕುಠೇ ವಾಕಡೀ ಆಹೆ?" ಅಂದ ಮಾಮಾ, ಎಲ್ಲಿ ಡೊಂಕ ಐತಿ ಅಂತ. ಮರಾಠಿಯೊಳಗ ಸರಳ ಅಂದ್ರ ನೆಟ್ಟಗ. ಹಾದಿ ಎಲ್ಲೂ ಡೊಂಕ ಇರಲಿಲ್ಲ, ಖರೇ.

ನಾವಿಬ್ಬರೂ ಅಲ್ಲೇ ಉಳದ್ವಿ. ಮಂದಿ ಕೆರಿ ನೋಡಿ ಬಂದು ಅದರ ಚಂದ ಹೇಳಿದ್ದ ಹೇಳಿದ್ದು. ಅವ್ವನ ಕಾಲು ಹ್ಯಾಂಗೈತಿ ಅಂತ ಒಬ್ಬರೂ ಕೇಳಲಿಲ್ಲ.

ಸಂಜಿಗೆ ಕೆಳಗಿಳಿದು, ಬಸ್ ಸ್ಟ್ಯಾಂಡ್ ಎಲ್ಲೈತಿ ಅಂತ ಒಬ್ಬಾಕಿನ್ನ ಕೇಳಿದೆ.

"ಸರಳ ಜಾ," ಅಂದ್ಲು.

ಅವ್ವ ಮತ್ತ ಅಲ್ಲೇ ಕುಂತಬಿಟ್ಲು.